ಐಐಟಿಯಲ್ಲೂ ಅರ್ಥಶಾಸ್ತ್ರ ಓದಬಹುದು, ಆದರೆ ಬಾಗಿಲು ಯಾವುದು?

ಐಐಟಿಗೆ ಹೋದವರೆಲ್ಲ ಇಂಜಿನಿಯರ್ ಆಗಿಯೇ ಹೊರಬರುತ್ತಾರೆ ಅಂತ ನಮ್ಮಲ್ಲಿ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಕಾನ್ಪುರ, ಬಾಂಬೆ, ಖರಗ್‌ಪುರ ಐಐಟಿಗಳಲ್ಲಿ ಅರ್ಥಶಾಸ್ತ್ರಕ್ಕೇ ನಾಲ್ಕು ವರ್ಷದ ಬಿಎಸ್ (ಬ್ಯಾಚುಲರ್ ಆಫ್ ಸೈನ್ಸ್) ಪದವಿ ಇದೆ. ಬಾಂಬೆ, ಗುವಾಹಟಿ, ಹೈದರಾಬಾದ್, ದೆಹಲಿ ಐಐಟಿಗಳಲ್ಲಿ ವಿನ್ಯಾಸ ಓದುವ ಬಿ.ಡೆಸ್ ಇದೆ. ಹೈದರಾಬಾದಿನ ಐಐಐಟಿಯಲ್ಲಿ (ಇದು ಐಐಟಿ ಅಲ್ಲ, ಮಾಹಿತಿ ತಂತ್ರಜ್ಞಾನದ ಬೇರೆ ಸಂಸ್ಥೆ) ಕಂಪ್ಯೂಟರ್ ಜೊತೆಗೆ ಭಾಷಾಶಾಸ್ತ್ರ ಓದಬಹುದು. ಅಮೆರಿಕದ ಎಂಐಟಿಯಲ್ಲಂತೂ ಸಾಹಿತ್ಯ, ಇತಿಹಾಸ, ತತ್ವಶಾಸ್ತ್ರ, ಸಂಗೀತ ಎಲ್ಲದರಲ್ಲೂ ಪದವಿ ಸಿಗುತ್ತದೆ.

ಶಿವಮೊಗ್ಗದಲ್ಲಿ ಪಿಯುಸಿ ಫಲಿತಾಂಶ ಬಂದ ವಾರ ಮನೆಮನೆಯಲ್ಲಿ ನಡೆಯುವ ಮಾತಿನಲ್ಲಿ ಇವುಗಳ ಹೆಸರೇ ಬರುವುದಿಲ್ಲ. ಸೈನ್ಸ್ ತಗೊಂಡವರಿಗೆ ಇಂಜಿನಿಯರಿಂಗ್ ಅಥವಾ ಮೆಡಿಕಲ್, ಉಳಿದವರಿಗೆ ಬಿಎ, ಬಿಕಾಂ. ನಡುವೆ ಒಂದು ಗೋಡೆ. ಆ ಗೋಡೆಯಲ್ಲಿ ಕೆಲವು ಬಾಗಿಲುಗಳಿವೆ. ಯಾವುದು ಯಾರಿಗೆ ತೆರೆಯುತ್ತದೆ ಅನ್ನುವುದು ಮಾತ್ರ ಸ್ವಲ್ಪ ಗೋಜಲು. ಅದನ್ನು ಬಿಡಿಸಿ ಹೇಳಲು ಈ ಲೇಖನ.

ತಾಂತ್ರಿಕ ಸಂಸ್ಥೆಗೆ ಇದೆಲ್ಲ ಯಾಕೆ ಬೇಕು?

ಎರಡನೇ ಮಹಾಯುದ್ಧ ಮುಗಿದ ಮೇಲೆ ಎಂಐಟಿ ತನ್ನ ಶಿಕ್ಷಣವನ್ನೇ ತಿರುಗಿ ನೋಡಿಕೊಂಡಿತು. ಅದಕ್ಕೆಂದು ನೇಮಿಸಿದ ಸಮಿತಿ 1949ರಲ್ಲಿ ವರದಿ ಕೊಟ್ಟಿತು. ತಂತ್ರಜ್ಞಾನ ಸಮಾಜವನ್ನು ಇಷ್ಟು ಬದಲಿಸುತ್ತಿರುವಾಗ ಅದನ್ನು ಕಲಿಯುವವರಿಗೆ ಸಮಾಜವೂ ಗೊತ್ತಿರಬೇಕು ಅನ್ನುವುದು ಅದರ ತಿರುಳು. 1950ರಲ್ಲಿ ಮಾನವಿಕ (ಸಾಹಿತ್ಯ, ಇತಿಹಾಸ, ತತ್ವಶಾಸ್ತ್ರದಂಥ ವಿಷಯಗಳು) ಮತ್ತು ಸಮಾಜ ವಿಜ್ಞಾನಗಳಿಗೇ ಒಂದು ಶಾಲೆ ಶುರುವಾಯಿತು. ಇವತ್ತಿಗೂ ಅಲ್ಲಿ ರಾಕೆಟ್ ಓದುವ ವಿದ್ಯಾರ್ಥಿಯೂ ಕಲೆ, ಮಾನವಿಕ, ಸಮಾಜ ವಿಜ್ಞಾನಗಳ 8 ಪತ್ರಿಕೆಗಳನ್ನು ಓದಲೇಬೇಕು. ಸಾಹಿತ್ಯ ಓದುವವರಿಗೂ ಬಿಡುವಿಲ್ಲ. ಎರಡು ಗಣಿತ, ಎರಡು ಭೌತಶಾಸ್ತ್ರ, ಒಂದು ರಸಾಯನಶಾಸ್ತ್ರ, ಒಂದು ಜೀವಶಾಸ್ತ್ರ ಎಲ್ಲರಿಗೂ ಕಡ್ಡಾಯ.

ನಮ್ಮಲ್ಲಿ ಮೊದಲ ಐಐಟಿ 1951ರಲ್ಲಿ ಖರಗ್‌ಪುರದಲ್ಲಿ ಬಂತು. ಐಐಟಿಗಳಲ್ಲಿ ಮಾನವಿಕ ವಿಭಾಗಗಳು ಮೊದಲಿಂದಲೂ ಇವೆ. ಆದರೆ ಬಹಳ ಕಾಲ ಅವುಗಳ ಮುಖ್ಯ ಕೆಲಸ ಬಿಟೆಕ್ ಮಕ್ಕಳಿಗೆ ಒಂದೆರಡು ಪತ್ರಿಕೆ ಕಲಿಸುವುದು ಮತ್ತು ಪಿಎಚ್‌ಡಿ ಮಾಡಿಸುವುದಾಗಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಐಐಟಿಗಳ ಹೆಸರೆತ್ತಿಯೇ, ಅಲ್ಲಿ ಕಲೆ ಮತ್ತು ಮಾನವಿಕ ಜಾಸ್ತಿ ಆಗಬೇಕು ಅಂದಿತು.

ಇದರ ಅಗತ್ಯ ಮಲೆನಾಡಿನವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಶರಾವತಿ ನದಿಯ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಇಂಜಿನಿಯರಿಂಗ್ ಲೆಕ್ಕದಲ್ಲಿ ಅದು ದೊಡ್ಡ ಗೆಲುವು, ನಾಡಿಗೆ ಬೆಳಕು ಕೊಟ್ಟಿತು. ಆದರೆ ಮುಳುಗಿದ ಊರಿನ ಜನರನ್ನು ಎಲ್ಲಿ ಕೂರಿಸಬೇಕು, ಅವರಿಗೆ ಕೊಟ್ಟ ಜಮೀನಿನ ಕಾಗದ ಹೇಗಿರಬೇಕು ಅನ್ನುವುದು ಕಾನೂನು, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳ ಪ್ರಶ್ನೆ. ಆರು ದಶಕ ಕಳೆದರೂ ಶರಾವತಿ ಸಂತ್ರಸ್ತರ ಹಕ್ಕುಪತ್ರದ ಗೋಳು ಮುಗಿದಿಲ್ಲ. ಹಿನ್ನೀರಿನ ಆಚೆ ಉಳಿದ ತುಮರಿ ಕಡೆಯವರು ಲಾಂಚ್ ನಂಬಿಕೊಂಡೇ ಬದುಕಿದರು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದದ್ದು 2025ರಲ್ಲಿ. ಕಾಂಕ್ರೀಟಿನ ಲೆಕ್ಕ ಹಾಕುವವರ ಪಕ್ಕದಲ್ಲೇ ಜನರ ಲೆಕ್ಕ ಹಾಕುವವರೂ ಕೂತು ಓದಬೇಕು ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಹೆಸರು ಅರ್ಥಶಾಸ್ತ್ರ, ಪರೀಕ್ಷೆ ಜೆಇಇ

ಇಲ್ಲಿಂದ ಎಚ್ಚರಿಕೆಯಿಂದ ಓದಿ. ಪೋಷಕರು ಜಾಸ್ತಿ ಎಡವುವುದು ಇಲ್ಲೇ.

ಐಐಟಿಯ ಬಿಎಸ್ ಅರ್ಥಶಾಸ್ತ್ರಕ್ಕೆ ಸೀಟು ಸಿಗುವುದು ಜೆಇಇ ಅಡ್ವಾನ್ಸ್ಡ್ ಮೂಲಕ. ಅಂದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಇರಬೇಕು. ಮೊದಲು ಜೆಇಇ ಮೇನ್, ಆಮೇಲೆ ಅಡ್ವಾನ್ಸ್ಡ್, ಆಮೇಲೆ ಕಂಪ್ಯೂಟರ್ ಸೈನ್ಸ್, ಸಿವಿಲ್ ಸೀಟುಗಳನ್ನು ಹಂಚುವ ಅದೇ ಜೋಸಾ ಕೌನ್ಸೆಲಿಂಗ್. ಪಿಯುಸಿಯಲ್ಲಿ ಕಲಾ ವಿಭಾಗ ತಗೊಂಡು ಅರ್ಥಶಾಸ್ತ್ರದಲ್ಲಿ ನೂರಕ್ಕೆ ನೂರು ತೆಗೆದ ಹುಡುಗಿಗೆ ಈ ಬಾಗಿಲು ತೆರೆಯುವುದಿಲ್ಲ. ಅರ್ಥಶಾಸ್ತ್ರದ ಒಂದು ಪುಟವನ್ನೂ ಓದದ ಪಿಸಿಎಂ ಹುಡುಗನಿಗೆ ತೆರೆಯುತ್ತದೆ. ಇದು ಸರಿಯಾದ ವ್ಯವಸ್ಥೆ ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಸದ್ಯ ಇರುವುದು ಹೀಗೆ.

ಬಿಟ್ಸ್ ಪಿಲಾನಿಯ ಎಂಎಸ್ಸಿ ಅರ್ಥಶಾಸ್ತ್ರವೂ ಇದೇ ದಾರಿಯದು. ಪಿಯುಸಿ ಮುಗಿಸಿ ನೇರವಾಗಿ ಸೇರುವ ಕೋರ್ಸ್ ಅದು. ಪ್ರವೇಶ ಆ ಸಂಸ್ಥೆಯದೇ ಪರೀಕ್ಷೆಯಾದ ಬಿಟ್‌ಸ್ಯಾಟ್ ಮೂಲಕ, ಪಿಯುಸಿಯಲ್ಲಿ ವಿಜ್ಞಾನ ಬೇಕು. ಅಲ್ಲಿ ಇನ್ನೊಂದು ವಿಷಯವಿದೆ. ಮೊದಲ ವರ್ಷದ ಅಂಕ ಚೆನ್ನಾಗಿದ್ದರೆ ಜೊತೆಗೆ ಒಂದು ಇಂಜಿನಿಯರಿಂಗ್ ಪದವಿಯನ್ನೂ ಪಡೆಯಬಹುದು. ಆ ಇಂಜಿನಿಯರಿಂಗಿಗಾಗಿಯೇ ಅರ್ಥಶಾಸ್ತ್ರ ಸೇರುವವರೂ ಇದ್ದಾರೆ. ತಪ್ಪಲ್ಲ. ಆದರೆ ಅರ್ಥಶಾಸ್ತ್ರ ಇಷ್ಟವಿಲ್ಲದೆ ಸೇರಿದರೆ ಐದು ವರ್ಷ ಬಹಳ ಉದ್ದ ಅನ್ನಿಸುತ್ತದೆ.

ಈಗ ಒಳಗೆ ಏನು ಓದಿಸುತ್ತಾರೆ ನೋಡೋಣ. ಪಿಯುಸಿ ಅರ್ಥಶಾಸ್ತ್ರದ ಪುಸ್ತಕ ನೋಡಿ ಊಹೆ ಮಾಡಬೇಡಿ. ಮೊದಲ ವರ್ಷ ಬಿಟೆಕ್ ಮಕ್ಕಳ ಜೊತೆಗೇ ಗಣಿತ, ಪ್ರೋಗ್ರಾಮಿಂಗ್ ಎಲ್ಲ ಇರುತ್ತದೆ. ಆಮೇಲೆ ಸೂಕ್ಷ್ಮ ಅರ್ಥಶಾಸ್ತ್ರ, ಸಮಗ್ರ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಗೇಮ್ ಥಿಯರಿ. ಬೆನ್ನೆಲುಬು ಅಂದರೆ ಎಕನಾಮೆಟ್ರಿಕ್ಸ್. ಹೆಸರು ಭಯ ಹುಟ್ಟಿಸುತ್ತದೆ, ವಿಷಯ ನಮ್ಮ ಮಂಡಿಯಲ್ಲೇ ಇದೆ.

ಅಡಿಕೆಯನ್ನೇ ತಗೊಳ್ಳಿ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಿತು. ಅದೇ ಸುಮಾರಿಗೆ ಮಲೆನಾಡಿನ ತೋಟಗಳಿಗೆ ಎಲೆಚುಕ್ಕೆ ರೋಗ ಹರಡುತ್ತಿತ್ತು. ಕೆಲವು ಕಡೆ ಕೊಳೆ ರೋಗವೂ ಇತ್ತು. ಹೊಸ ತೋಟಗಳು ಬಯಲುಸೀಮೆಯಲ್ಲೂ ಏಳುತ್ತಿದ್ದವು. ಇಂಥ ಹೊತ್ತಿನಲ್ಲಿ ರಾಶಿ ಅನ್ನುವ ಬಗೆಯ ಅಡಿಕೆಯ ದರ ಏರಿದರೆ ಅದು ಆಮದು ನಿಯಮದಿಂದಲಾ? ರೋಗ ಬಂದು ಫಸಲು ಕಮ್ಮಿಯಾಗಿದ್ದರಿಂದಲಾ? ಕೊಳ್ಳುವವರ ಬೇಡಿಕೆ ಬದಲಾಗಿದ್ದರಿಂದಲಾ? ಮಂಡಿಯಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ಎಲ್ಲ ಕಾರಣಗಳೂ ಒಟ್ಟಿಗೆ ಕೆಲಸ ಮಾಡುವಾಗ ಯಾವುದರ ಪಾಲು ಎಷ್ಟು ಅಂತ ಬಿಡಿಸಿ ಹೇಳುವ ವಿದ್ಯೆಯೇ ಎಕನಾಮೆಟ್ರಿಕ್ಸ್. ಹಲವು ವರ್ಷಗಳ ದರ, ಆವಕ, ಮಳೆ, ಆಮದು ಎಲ್ಲವನ್ನೂ ಜೋಡಿಸಬೇಕು. ರೋಗ ಬಂದ ತಾಲ್ಲೂಕನ್ನು ಬಾರದ ತಾಲ್ಲೂಕಿನ ಜೊತೆ ಹೋಲಿಸಬೇಕು. ರಾಶಿ, ಬೆಟ್ಟೆ, ಸರಕು, ಗೊರಬಲು ಹೀಗೆ ಬೇರೆ ಬೇರೆ ಬಗೆಯ ಅಡಿಕೆಯ ದರಗಳು ಒಂದೇ ರೀತಿ ಏರಿದವಾ, ಬೇರೆ ಬೇರೆಯಾಗಿ ಏರಿದವಾ ನೋಡಬೇಕು. ಇದಕ್ಕೆ ಗಣಿತ ಬೇಕು, ಕೋಡ್ ಬರೆಯಲು ಬರಬೇಕು, ಜೊತೆಗೆ ಅಡಿಕೆ ವ್ಯಾಪಾರ ಹೇಗೆ ನಡೆಯುತ್ತದೆ ಅಂತಲೂ ಗೊತ್ತಿರಬೇಕು. ಮೂರನೆಯದು ತೋಟದ ಮನೆಯ ಮಕ್ಕಳಿಗೆ ಹುಟ್ಟಿನಿಂದಲೇ ಗೊತ್ತಿರುತ್ತದೆ, ಅಲ್ವಾ? ಅದು ಸಣ್ಣ ಆಸ್ತಿಯಲ್ಲ.

2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡಫ್ಲೊ ಇಬ್ಬರೂ ಆಗ ಎಂಐಟಿಯಲ್ಲಿ ಪಾಠ ಮಾಡುತ್ತಿದ್ದರು. ಬಡತನದ ಬಗ್ಗೆ ಅವರು ಸುಮ್ನೆ ಸಿದ್ಧಾಂತ ಬರೆಯಲಿಲ್ಲ. ಒಂದು ಯೋಜನೆ ಕೆಲಸ ಮಾಡುತ್ತದಾ ಅಂತ ನೋಡಲು ಕೆಲವು ಹಳ್ಳಿಗಳಿಗೆ ಕೊಟ್ಟು, ಕೆಲವಕ್ಕೆ ಕೊಡದೆ ಎರಡನ್ನೂ ಹೋಲಿಸಿದರು. ಔಷಧವನ್ನು ಪರೀಕ್ಷಿಸುವ ಅದೇ ಕ್ರಮ. ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸಮಾಜ ವಿಜ್ಞಾನ ಪಡೆಯುವ ರೂಪ ಬಹಳ ಸಲ ಇಂಥದ್ದೇ: ಪ್ರಯೋಗ, ದತ್ತಾಂಶ, ಲೆಕ್ಕ.

ಇದಕ್ಕೆ ಅಂಟಿಕೊಂಡ ಇನ್ನೊಂದು ವಿಷಯ. ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತ ನಾಲ್ಕನ್ನೂ ಸೇರಿಸಿ ಸ್ಟೆಮ್ ಅನ್ನುತ್ತಾರೆ. ಅಮೆರಿಕದ ವೀಸಾ ನಿಯಮದಲ್ಲಿ ಗಣಿತ ಜಾಸ್ತಿ ಇರುವ ಅರ್ಥಶಾಸ್ತ್ರವೂ ಸ್ಟೆಮ್ ಪಟ್ಟಿಯಲ್ಲೇ ಬರುತ್ತದೆ. ಅಲ್ಲಿ ಓದಿದವರಿಗೆ 12 ತಿಂಗಳ ಕೆಲಸದ ಅನುಮತಿಯ ಮೇಲೆ ಇನ್ನೂ 24 ತಿಂಗಳು ಸಿಗಲು ಅವಕಾಶವಿರುವುದು ಇದರಿಂದಲೇ. ಹೊರದೇಶಕ್ಕೆ ಹೋಗುವ ಯೋಚನೆ ಇರುವವರು ಪದವಿಯ ಹೆಸರಲ್ಲ, ಅದು ಯಾವ ಪಟ್ಟಿಯಲ್ಲಿದೆ ಅಂತ ಕೇಳಬೇಕು.

ಚಿತ್ರ ಬಿಡಿಸುವ ಮಕ್ಕಳಿಗೆ

ವಿನ್ಯಾಸದ ಬಾಗಿಲು ಬೇರೆ. ಬಿ.ಡೆಸ್‌ಗೆ ಜೆಇಇ ಬೇಡ. ಐಐಟಿ ಬಾಂಬೆ ನಡೆಸುವ ಯುಸೀಡ್ ಅನ್ನುವ ಪರೀಕ್ಷೆ ಇದೆ. 2015ರಿಂದ ನಡೆಯುತ್ತಿದೆ. ಅದರಲ್ಲಿ ಎರಡು ಭಾಗ. ಒಂದು ಕಂಪ್ಯೂಟರಿನಲ್ಲಿ, ಇನ್ನೊಂದು ಕಾಗದದ ಮೇಲೆ ಚಿತ್ರ ಬಿಡಿಸುವುದು. ಐಐಟಿ ಬಾಂಬೆಯ ಬಿ.ಡೆಸ್‌ಗೆ ಪಿಯುಸಿಯಲ್ಲಿ ಕಲೆ, ವಾಣಿಜ್ಯ, ವಿಜ್ಞಾನ ಯಾವುದು ಓದಿದ್ದರೂ ಆಗುತ್ತದೆ. ಬೇರೆ ಸಂಸ್ಥೆಗಳ ನಿಯಮ ಒಂದೇ ತರ ಇರುವುದಿಲ್ಲ. ಆ ವರ್ಷದ ಮಾಹಿತಿ ಪುಸ್ತಿಕೆ ನೋಡಿಯೇ ಅರ್ಜಿ ಹಾಕಿ.

ವಿನ್ಯಾಸ ಅಂದರೆ ಬಟ್ಟೆಗೆ ಹೂವು ಬಿಡಿಸುವುದು ಅಂತ ತಿಳಿದವರು ಇನ್ನೂ ಇದ್ದಾರೆ. ಅಡಿಕೆ ಮರಕ್ಕೆ ಔಷಧ ಹೊಡೆಯಲು, ಕೊನೆ (ಗೊನೆ) ಕೊಯ್ಯಲು ಈಗ ಕಾರ್ಬನ್ ಫೈಬರ್ ದೋಟಿ (ಉದ್ದ ಕೋಲು) ಬಂದಿದೆಯಲ್ಲ, ಅದನ್ನು ನೋಡಿ. ಆ ಕೊಳವೆ ಎಷ್ಟು ಭಾರ ತಡೆಯುತ್ತದೆ, ಎಷ್ಟು ಬಾಗುತ್ತದೆ ಅನ್ನುವುದು ಇಂಜಿನಿಯರಿನ ಪ್ರಶ್ನೆ. ದಿನವಿಡೀ ಕತ್ತೆತ್ತಿ ನಿಂತವರ ಕುತ್ತಿಗೆ ಏನಾಗುತ್ತದೆ, ಒದ್ದೆ ಕೈಯಲ್ಲಿ ಹಿಡಿತ ಸಿಗುತ್ತದಾ, ಇಳಿಜಾರಿನ ತೋಟದಲ್ಲಿ ಕಾಲು ಎಲ್ಲಿ ಊರಬೇಕು ಅನ್ನುವುದು ವಿನ್ಯಾಸಕಾರರ ಪ್ರಶ್ನೆ. ಉತ್ತರ ಹುಡುಕಲು ಅವರು ತೋಟಕ್ಕೆ ಹೋಗಿ ನಿಂತು ನೋಡುತ್ತಾರೆ, ಬಿಡಿಸುತ್ತಾರೆ, ಮಾದರಿ ಮಾಡುತ್ತಾರೆ, ಮತ್ತೆ ಒಯ್ದು ಕೊಡುತ್ತಾರೆ. ಸಾಗರ, ಸೊರಬದ ಗುಡಿಗಾರರ ಕೆತ್ತನೆ ನೋಡಿ ಬೆಳೆದ ಮಗುವಿಗೆ ಕೈ ಮತ್ತು ಕಣ್ಣು ಒಟ್ಟಿಗೆ ಕೆಲಸ ಮಾಡುವುದು ಏನೆಂದು ಬಾಯಲ್ಲಿ ವಿವರಿಸುವ ಅಗತ್ಯವಿಲ್ಲ. ನಮ್ಮೂರ ಕಲಾ ವಿಭಾಗದ ಮಕ್ಕಳಿಗೆ ಯಾರಾದರೂ ಒಂದೇ ಒಂದು ಪರೀಕ್ಷೆಯ ಹೆಸರು ಹೇಳುವುದಿದ್ದರೆ ಇದನ್ನೇ ಹೇಳಲಿ ಅನ್ನುವುದು ನನ್ನ ಆಸೆ.

ಇನ್ನೊಂದು ಸಣ್ಣ ಬಾಗಿಲು ನಗರ ಯೋಜನೆಯದು. ಬಿ.ಪ್ಲಾನಿಂಗ್‌ಗೆ ಜೆಇಇ ಮೇನ್‌ನ ಬೇರೆಯದೇ ಪತ್ರಿಕೆ ಇದೆ. ಭೋಪಾಲ್, ವಿಜಯವಾಡದ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆಗಳಲ್ಲಿ ಈ ಪದವಿ ಇದೆ. ಪಿಯುಸಿಯಲ್ಲಿ ಗಣಿತ ಇದ್ದರೆ ಸಾಕು, ಭೌತಶಾಸ್ತ್ರ, ರಸಾಯನಶಾಸ್ತ್ರ ಬೇಡ. ನಮ್ಮ ಪಿಯು ಮಂಡಳಿಯ ಬೇಸಿಕ್ ಮ್ಯಾಥ್ಸ್ ಇದಕ್ಕೆ ನಡೆಯುತ್ತದಾ ಅಂತ ಮಾತ್ರ ಸೇರುವ ಮುಂಚೆಯೇ ಲಿಖಿತವಾಗಿ ಕೇಳಿಕೊಳ್ಳಿ.

ಎರಡನ್ನೂ ಬಿಡಲಾಗದವರಿಗೆ

ಕೆಲವು ಮಕ್ಕಳಿಗೆ ಕಂಪ್ಯೂಟರೂ ಇಷ್ಟ, ಭಾಷೆ ಅಥವಾ ಸಮಾಜವೂ ಇಷ್ಟ. ಹೈದರಾಬಾದಿನ ಐಐಐಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಬಿಟೆಕ್ ಜೊತೆಗೆ ಕಂಪ್ಯೂಟೇಶನಲ್ ಲಿಂಗ್ವಿಸ್ಟಿಕ್ಸ್ ಅಥವಾ ಮಾನವ ವಿಜ್ಞಾನಗಳಲ್ಲಿ ಸಂಶೋಧನೆಯ ಎಂಎಸ್ ಸಿಗುತ್ತದೆ. ಒಟ್ಟು ಐದು ವರ್ಷ. ದೆಹಲಿಯ ಐಐಐಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಮತ್ತು ಸಮಾಜ ವಿಜ್ಞಾನ ಸೇರಿಸಿದ ಬಿಟೆಕ್ ಇದೆ. ಇವೆರಡಕ್ಕೂ ಪಿಯುಸಿ ಗಣಿತ ಬೇಕೇ ಬೇಕು.

ಇಂಥ ಓದಿನಿಂದ ನಮಗೇನು? ಮಂಗನ ಕಾಯಿಲೆ ನೋಡಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ರೋಗ ಅದು. ಉಣ್ಣೆ ಹುಳ ಕಚ್ಚುವುದರಿಂದ ಬರುತ್ತದೆ ಅಂತ ಗೊತ್ತು. ಮೈಗೆ ಹಚ್ಚುವ ಎಣ್ಣೆ ಹಂಚುತ್ತಾರೆ. ಆದರೂ ಕಾಡಿಗೆ ತರಗೆಲೆ ತರಲು ಹೋಗುವವರಲ್ಲಿ ಕೆಲವರು ಹಚ್ಚುತ್ತಾರೆ, ಕೆಲವರು ಹಚ್ಚುವುದಿಲ್ಲ. ಯಾಕೆ? ಯಾವ ಊರಿನವರು, ಯಾವ ತಿಂಗಳು, ಯಾವ ಕೆಲಸಕ್ಕೆ ಹೋಗುತ್ತಾರೆ? ಪ್ರಕರಣಗಳ ನಕ್ಷೆ ಮಾಡಲು ಕಂಪ್ಯೂಟರ್ ಬೇಕು. ಜಗಲಿಯಲ್ಲಿ ಕೂತು ಕೇಳಿ ತಿಳಿಯಲು ಸಮಾಜಶಾಸ್ತ್ರ ಬೇಕು. ಒಬ್ಬರೇ ಎರಡನ್ನೂ ಬಲ್ಲವರಾದರೆ ಕೆಲಸ ಬೇರೆಯೇ ಮಟ್ಟಕ್ಕೆ ಹೋಗುತ್ತದೆ.

ಎರಡು ಜ್ಞಾನಗಳನ್ನು ಹೀಗೆ ಬೆಸೆದವರಲ್ಲಿ ಹರ್ಬರ್ಟ್ ಸೈಮನ್ ದೊಡ್ಡ ಹೆಸರು. ಅವರು ಓದಿದ್ದು ರಾಜ್ಯಶಾಸ್ತ್ರ. ಪಾಠ ಮಾಡಿದ್ದು ಈಗ ಕಾರ್ನೆಗಿ ಮೆಲನ್ ಅಂತ ಕರೆಯುವ ತಾಂತ್ರಿಕ ಸಂಸ್ಥೆಯಲ್ಲಿ. ಮನುಷ್ಯರು ತೀರ್ಮಾನ ಹೇಗೆ ತೆಗೆದುಕೊಳ್ಳುತ್ತಾರೆ ಅಂತ ಹುಡುಕುತ್ತಾ ಕೃತಕ ಬುದ್ಧಿಮತ್ತೆಯ ಮೊದಲ ಕೆಲಸಗಳಿಗೆ ಕೈ ಹಾಕಿದರು. 1975ರಲ್ಲಿ ಕಂಪ್ಯೂಟರ್ ವಿಜ್ಞಾನದ ಟ್ಯೂರಿಂಗ್ ಪ್ರಶಸ್ತಿ, 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್, ಎರಡೂ ಅವರಿಗೆ ಬಂದವು.

ಈಗಾಗಲೇ ಇಂಜಿನಿಯರಿಂಗ್ ಸೇರಿದವರೂ ನಿರಾಶರಾಗಬೇಕಿಲ್ಲ. ಐಐಟಿ ಕಾನ್ಪುರದಂಥ ಕಡೆ ಮಾನವಿಕದಲ್ಲಿ ಮೈನರ್ (ಮುಖ್ಯ ಓದಿನ ಜೊತೆಗಿನ ಉಪವಿಷಯ) ಮಾಡಬಹುದು. ವಿಟಿಯು ಅಡಿಯ ಕಾಲೇಜುಗಳಲ್ಲಿ ಆಯ್ಕೆ ಅಷ್ಟು ವಿಶಾಲವಿಲ್ಲ, ಆದರೂ ಬೇರೆ ವಿಭಾಗದ ಪತ್ರಿಕೆ ಆರಿಸಿಕೊಳ್ಳುವ ಓಪನ್ ಎಲೆಕ್ಟಿವ್ ಇರುತ್ತದೆ. ಅದನ್ನು ಸುಲಭದ ಅಂಕಕ್ಕೆ ಅಂತ ಕಳೆದುಕೊಳ್ಳಬೇಡಿ.

ಯಾರಿಗೆ ಬೇಡ

ಇದನ್ನೂ ನೇರವಾಗಿ ಹೇಳಬೇಕು. ಕನ್ನಡ ಸಾಹಿತ್ಯದಲ್ಲಿ, ಕೆಳದಿಯ ಇತಿಹಾಸದಲ್ಲಿ, ಶಾಸನಗಳಲ್ಲಿ ಮುಳುಗಬೇಕು ಅನ್ನುವ ಮಗುವಿಗೆ ತಾಂತ್ರಿಕ ವಿಶ್ವವಿದ್ಯಾಲಯ ಸರಿಯಾದ ಜಾಗವಲ್ಲ. ಅಲ್ಲಿ ಮಾನವಿಕ ವಿಭಾಗ ಸಣ್ಣದು. ಪತ್ರಿಕೆಗಳು ಕಡಿಮೆ, ಜೊತೆಗೆ ಓದುವವರೂ ಕಡಿಮೆ. ಶಿವಮೊಗ್ಗದ ಸಹ್ಯಾದ್ರಿ ಕಲಾ ಕಾಲೇಜಿನಲ್ಲಿ ಬಿಎ ಮಾಡಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂಎ ಮಾಡುವುದು ಅಂಥವರಿಗೆ ಹೆಚ್ಚು ಆಳ ಕೊಡುತ್ತದೆ. ನಾಟಕವೇ ಬೇಕು ಅನ್ನುವವರಿಗೆ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ಬಾಗಿಲು ತೆರೆದೇ ಇದೆ. ಮೇಷ್ಟ್ರಾಗುವ ಆಸೆ ಇದ್ದರೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಬಿಎ ಬಿಎಡ್ ಒಟ್ಟಿಗೆ ಮುಗಿಯುತ್ತದೆ. ಗಣಿತ ಕಂಡರೆ ಹೊಟ್ಟೆ ತೊಳಸುವ ಮಗುವನ್ನು ಐಐಟಿ ಹೆಸರಿನ ಆಸೆಗೆ ಅರ್ಥಶಾಸ್ತ್ರಕ್ಕೆ ತಳ್ಳುವುದು ಆ ಮಗುವಿಗೆ ಮಾಡುವ ಅನ್ಯಾಯ.

ಆಗುಂಬೆ ಘಾಟಿ ಇಳಿದರೆ ಸಿಗುವ ಮಣಿಪಾಲದಲ್ಲಿ ಮಾನವಿಕಗಳಿಗೆ ಬೇರೆಯದೇ ಕೇಂದ್ರವಿದೆ, ಇಂಜಿನಿಯರಿಂಗ್ ಕಾಲೇಜೂ ಅದೇ ಊರಲ್ಲಿದೆ. ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯಗಳಲ್ಲೂ ಬಿಟೆಕ್ ಪಕ್ಕದಲ್ಲೇ ಬಿಬಿಎ, ವಿನ್ಯಾಸ, ಕಾನೂನು ನಡೆಯುತ್ತವೆ. ಕಲಾ ವಿಭಾಗದವರಿಗೆ ಇಲ್ಲಿ ಪ್ರವೇಶ ಸುಲಭ, ಶುಲ್ಕ ಮಾತ್ರ ಜಾಸ್ತಿ. ಸಾಲ ಮಾಡಿ ಸೇರುವ ಮುಂಚೆ ಆ ವಿಭಾಗದಲ್ಲಿ ಪೂರ್ಣಾವಧಿ ಅಧ್ಯಾಪಕರು ಎಷ್ಟು ಜನ, ಹಿಂದಿನ ಬ್ಯಾಚಿನವರು ಈಗ ಎಲ್ಲಿದ್ದಾರೆ ಅಂತ ವಿಚಾರಿಸಿ. ಕಟ್ಟಡ ನೋಡಿ ಮರುಳಾಗಬೇಡಿ.

ಅಂತರ್ಜಾಲದಲ್ಲಿ ಹಳೆಯ ಮಾಹಿತಿಯೂ ಬಹಳ ಓಡಾಡುತ್ತದೆ. ಐಐಟಿ ಮದ್ರಾಸಿನಲ್ಲಿ ಪಿಯುಸಿ ಮುಗಿಸಿ ಸೇರುವ ಐದು ವರ್ಷದ ಎಂಎ ಇತ್ತು. ಎಚ್‌ಎಸ್‌ಇಇ ಅನ್ನುವ ಪರೀಕ್ಷೆ ಬರೆದು ಯಾವ ವಿಭಾಗದವರೂ ಸೇರಬಹುದಿತ್ತು. ಕಲಾ ವಿಭಾಗದ ಮಕ್ಕಳಿಗೆ ಅದು ಅಪರೂಪದ ದಾರಿಯಾಗಿತ್ತು. ಈಗ ಆ ಪರೀಕ್ಷೆ ನಿಂತಿದೆ. ಅಲ್ಲಿನ ಎಂಎ ಈಗ ಪದವಿ ಮುಗಿಸಿದವರಿಗೆ, ಎರಡು ವರ್ಷದ್ದು. ಎಚ್‌ಎಸ್‌ಇಇಗೆ ಕೋಚಿಂಗ್ ಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ಹಣ ಕಟ್ಟಬೇಡಿ.

ಕೆಲಸದ ಪ್ರಶ್ನೆ, ಮತ್ತು ಹತ್ತನೇ ತರಗತಿಯ ಪ್ರಶ್ನೆ

ಅಪ್ಪ ಅಮ್ಮ ಮೊದಲು ಕೇಳುವುದು ಇದನ್ನೇ: ಮುಂದೆ ಕೆಲಸ? ಐಐಟಿಯ ಅರ್ಥಶಾಸ್ತ್ರದವರೂ ಬಿಟೆಕ್‌ನವರ ಜೊತೆ ಅದೇ ಪ್ಲೇಸ್‌ಮೆಂಟ್‌ಗೆ ಕೂರುತ್ತಾರೆ. ಹಣಕಾಸು, ದತ್ತಾಂಶ ವಿಶ್ಲೇಷಣೆ, ಸಲಹಾ ಕಂಪನಿಗಳು ಅವರನ್ನು ಕೇಳುತ್ತವೆ. ಯಂತ್ರ, ಸೇತುವೆ ಕಟ್ಟುವ ಕಂಪನಿಗಳು ಕೇಳುವುದಿಲ್ಲ. ವಿನ್ಯಾಸದವರಿಗೆ ಅಂಕಪಟ್ಟಿಗಿಂತ ತಾವು ಮಾಡಿದ ಕೆಲಸಗಳ ಸಂಗ್ರಹವೇ ಮುಖ್ಯ. ಯುಪಿಎಸ್‌ಸಿ, ಕೆಪಿಎಸ್‌ಸಿಯ ನಾಗರಿಕ ಸೇವಾ ಪರೀಕ್ಷೆಗಳಿಗೆ ಯಾವ ಪದವಿಯಾದರೂ ಆಗುತ್ತದೆ. ಬಿಎಸ್ ಅಂದರೆ ಏನೋ ಬೇರೆ ಅಂತ ಗಾಬರಿ ಬೇಡ. ಬಿಟೆಕ್‌ನವರಿಗೆ ಕುಟುಂಬದ ಆದಾಯ ನೋಡಿ ಕೊಡುವ ಶುಲ್ಕ ವಿನಾಯಿತಿ ನಿಮ್ಮ ಕೋರ್ಸಿಗೂ ಇದೆಯಾ ಅಂತ ಮಾತ್ರ ಪ್ರವೇಶದ ಹೊತ್ತಿಗೇ ಕೇಳಿ.

ನಿಜವಾದ ತೀರ್ಮಾನ ಆಗುವುದು ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ. ಪಿಸಿಎಂಬಿ, ಪಿಸಿಎಂಸಿ ತಗೊಂಡರೆ ಇಲ್ಲಿ ಹೇಳಿದ ಹೆಚ್ಚುಕಮ್ಮಿ ಎಲ್ಲ ಬಾಗಿಲೂ ತೆರೆದಿರುತ್ತವೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರದ ಎಚ್‌ಇಪಿಎಸ್ ತಗೊಂಡರೆ ಜೆಇಇ ಮುಚ್ಚುತ್ತದೆ, ಯುಸೀಡ್, ಕಾನೂನಿನ ಕ್ಲಾಟ್, ಕೇಂದ್ರೀಯ ವಿಶ್ವವಿದ್ಯಾಲಯಗಳ ಸಿಯುಇಟಿ ತೆರೆದಿರುತ್ತವೆ. ಬಾಗಿಲು ತೆರೆದಿಡಲು ಅಂತಲೇ ಇಷ್ಟವಿಲ್ಲದ ಸೈನ್ಸ್ ಓದಿ ಅಂತ ನಾನು ಹೇಳುವುದಿಲ್ಲ. ಯಾವುದು ಮುಚ್ಚುತ್ತದೆ ಅಂತ ತಿಳಿದೇ ಆರಿಸಿಕೊಳ್ಳಿ. ಹತ್ತನೇ ತರಗತಿಯ ಮಗುವಿಗೆ ಅದನ್ನು ಹೇಳಬೇಕಾದ್ದು ಹಿರಿಯರು.

ಆರಿಸಿಕೊಂಡ ಮೇಲೆ ಆ ಸಂಸ್ಥೆಯ ವಿಭಾಗದ ಪಠ್ಯಕ್ರಮ ತೆರೆದು ನೋಡಿ. ನಾಲ್ಕು ವರ್ಷದಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರದ ಪತ್ರಿಕೆ ಎಷ್ಟು, ಸ್ವಂತ ವಿಷಯದ್ದು ಎಷ್ಟು ಅಂತ ಎಣಿಸಿ. ಒಂದು ಗಂಟೆಯ ಕೆಲಸ ಅಷ್ಟೇ. ಯಾವ ಕೌನ್ಸೆಲರ್ ಹೇಳುವುದಕ್ಕಿಂತಲೂ ಅದು ಜಾಸ್ತಿ ತಿಳಿಸುತ್ತದೆ.

ಇನ್ನು ದಿನಾಂಕಗಳು. ಯುಸೀಡ್ ಅರ್ಜಿ ಸಾಮಾನ್ಯವಾಗಿ ಅಕ್ಟೋಬರ್, ನವೆಂಬರ್‌ನಲ್ಲಿ ಮುಗಿದುಹೋಗುತ್ತದೆ, ಪರೀಕ್ಷೆ ಜನವರಿಯಲ್ಲಿ. ಜೆಇಇ ಮೇನ್‌ನ ಮೊದಲ ಸುತ್ತೂ ಜನವರಿಯಲ್ಲೇ. ಪಿಯುಸಿ ಫಲಿತಾಂಶ ಬಂದ ಮೇಲೆ ನೋಡೋಣ ಅಂದರೆ ಒಂದು ವರ್ಷ ತಪ್ಪಿತು ಅಂತಲೇ ಲೆಕ್ಕ. ಅರ್ಜಿಯ ದಿನಗಳಲ್ಲಿ ನಮ್ಮ ಕಡೆ ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು ಜೋರಾಗಿರುತ್ತದೆ. ಮನೆಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಆದ್ದರಿಂದ ದ್ವಿತೀಯ ಪಿಯುಸಿ ಶುರುವಾದ ತಿಂಗಳೇ ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಫೋಟೊ ಎಲ್ಲ ಒಂದು ಕಡೆ ತೆಗೆದಿಡಿ. ನಾಡಕಚೇರಿಯಲ್ಲಿ ಪ್ರಮಾಣಪತ್ರ ಕೈಗೆ ಸಿಗಲು ಹಿಡಿಯುವ ದಿನಗಳನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.